ಈಕಿಯೋ, ಇದೋ, ಇವರೋ?

ಮಕ್ಕಳೇ, ಅಜ್ಜ-ಅಜ್ಜಿಯರೇ, ಬ್ಯಾಂಕಿನಲ್ಲಿ 35 ವರ್ಷ ನೋಟು ಎಣಿಸಿದ ನನಗೆ ಏನನ್ನೇ ಆಗಲಿ ಲೆಕ್ಕ ಹಾಕಿ ನೋಡುವುದು ರೂಢಿ. ರೋಬೋಟನ್ನು ಕಂಡಾಗ ನಮ್ಮ ಮನಸ್ಸಿಗೆ ಏನನಿಸುತ್ತದೆ ಎಂಬುದಕ್ಕೂ ಲೆಕ್ಕ ಹಾಕುತ್ತಾರೆ, ಗೊತ್ತೇ?

2009ರಲ್ಲಿ ಕ್ರಿಸ್ಟೋಫ್ ಬಾರ್ಟ್‌ನೆಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ‘ಗಾಡ್‌ಸ್ಪೀಡ್’ ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಅದು ಕೇಳುವುದು ಐದು ಸಂಗತಿ: ರೋಬೋಟ್ ಮನುಷ್ಯರಂತಿದೆಯೇ? ಜೀವವಿರುವಂತೆ ಕಾಣುತ್ತದೆಯೇ? ಇಷ್ಟವಾಯಿತೇ? ಜಾಣತನ ಕಂಡಿತೇ? ಅದರ ಹತ್ತಿರ ನಿಮಗೆ ನಿರಾಳವೇ? ಉತ್ತರಕ್ಕೆ 1ರಿಂದ 5ರವರೆಗೆ ಅಂಕ. ಪರೀಕ್ಷೆ ರೋಬೋಟಿನದು, ಅಂಕ ಕೊಡುವವರು ನಾವು!

ಆದರೆ ಬಾಯಿ ‘ಹೆದರಿಕೆ ಇಲ್ಲ’ ಎಂದಾಗ ಕಾಲು ಹಿಂದೆ ಸರಿಯಬಹುದು. ಅದಕ್ಕೇ ಜನ ರೋಬೋಟಿನಿಂದ ಎಷ್ಟು ದೂರ ನಿಂತರು ಎಂಬುದನ್ನೂ ಅಳೆಯುತ್ತಾರೆ. ಜಪಾನಿನ ಮಸಾಹಿರೋ ಮೋರಿ 1970ರಲ್ಲೇ ಒಂದು ಮಾತು ಹೇಳಿದ್ದರು: ರೋಬೋಟ್ ಮನುಷ್ಯರನ್ನು ಹೋಲುತ್ತ ಹೋದಂತೆ ಇಷ್ಟವಾಗುತ್ತದೆ, ಬಹಳ ಹೋಲಿ, ಎಲ್ಲೋ ಚೂರು ಮಾತ್ರ ಬೇರೆ ಕಂಡರೆ ಮೈ ಜುಮ್ಮೆನ್ನುತ್ತದೆ.

ನಮ್ಮ ಕನ್ನಡದಲ್ಲೂ ಒಂದು ಅಳತೆಗೋಲಿದೆ. 2020ರ ಜನವರಿಯಲ್ಲಿ ಇಸ್ರೋ ಬೆಂಗಳೂರಿನಲ್ಲಿ ‘ವ್ಯೋಮಮಿತ್ರ’ಳನ್ನು ತೋರಿಸಿತು. ಗಗನಯಾನಕ್ಕಾಗಿ ಮಾಡಿದ, ಹೆಣ್ಣಿನ ರೂಪದ, ಕಾಲಿಲ್ಲದ ರೋಬೋಟ್. ಅದರ ಚಿತ್ರವನ್ನು ಹಲವರಿಗೆ ತೋರಿಸಿದೆ. ಸಿಂಧನೂರಿನಲ್ಲಿ ಮೊಮ್ಮಗಳು, “ತಾತ, ಈಕಿ ಆಕಾಶಕ್ಕ ಹೋಗ್ತಾಳಾ?” ಎಂದಳು. ಲಿಂಗಸುಗೂರಿನಲ್ಲಿ ನಮ್ಮ ಅಕ್ಕ, “ತಮ್ಮಾ, ಇದಕ್ಕ ಹೊಟ್ಟಿ ಹಸಿಯಂಗಿಲ್ಲೇನು?” ಎಂದಳು. ಮಸ್ಕಿಯ ಚಹಾ ಅಂಗಡಿಯವರು, “ಇವರಿಗೆ ಪಗಾರ ಎಷ್ಟ್ರೀ ಸರ?” ಎಂದರು. ಚಿತ್ರ ಒಂದೇ. ಒಬ್ಬರಿಗೆ ‘ಈಕಿ’, ಒಬ್ಬರಿಗೆ ‘ಇದು’, ಒಬ್ಬರಿಗೆ ‘ಇವರು’. ಅಂಕ ಕೇಳದೆಯೇ ಮನಸ್ಸು ತಿಳಿಯಿತಲ್ಲ!

ಇದು ಬರೀ ಆಟವಲ್ಲ. 2020ರಲ್ಲೇ, ಕೊರೊನಾ ಕಾಲದಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರ ಬಾಗಿಲಲ್ಲಿ ‘ಮಿತ್ರ’ ಎಂಬ ರೋಬೋಟ್ ಜ್ವರ ನೋಡಿತ್ತು. ನಾಳೆ ನಮ್ಮ ಕಡೆಗೂ ಬಂದೀತು, ಹಾಸಿಗೆ ಹಿಡಿದವರಿಗೆ ಗುಳಿಗೆ ಕೊಟ್ಟೀತು. ಹೊಲಿಗೆಯವನು ಅಂಗಿ ಹೊಲಿಯುವ ಮುನ್ನ ತೊಡುವವನ ಅಳತೆ ತೆಗೆದುಕೊಳ್ಳುತ್ತಾನೆ. ಹಾಗೆಯೇ ಮುದುಕರ ಆರೈಕೆಗೆ ಬರುವ ರೋಬೋಟಿಗೆ ಅಂಕ ಕೊಡಬೇಕಾದವರು ಮುದುಕರೇ, ಅದೂ ತಮ್ಮ ಮಾತಿನಲ್ಲಿ. ದೂರದ ಊರಿನ ಹುಡುಗರಿಗೆ ಇಷ್ಟವಾದದ್ದು ನಮ್ಮ ಅಕ್ಕನಿಗೆ ನಡುಕ ತಂದರೆ ಅವಳು ಗುಳಿಗೆ ತೆಗೆದುಕೊಂಡಾಳೇ?

ಮಕ್ಕಳೇ, ಈ ಭಾನುವಾರ ಮನೆಯ ಹಿರಿಯರಿಗೆ ಒಂದು ರೋಬೋಟಿನ ಚಿತ್ರ ತೋರಿಸಿ. ಮೊದಲೇ ಏನೂ ಹೇಳಿಕೊಡಬೇಡಿ. ಅವರು ಯಾವ ಪದ ಬಳಸಿದರು, ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿ: “ಇದು ನಿಮಗೆ ನೀರು ತಂದುಕೊಟ್ಟರೆ ಕುಡಿಯುತ್ತೀರಾ?”