ಕಪ್ಪು ಕಲ್ಲಿನ ಬಿಳಿ ಕಾಳುಗಳು

೧೯೬೯ನೆಯ ಇಸವಿ ಫೆಬ್ರವರಿ ೮. ನಡುರಾತ್ರಿ ಕಳೆದು ಒಂದು ಗಂಟೆಯಾಗಿತ್ತು. ಉತ್ತರ ಮೆಕ್ಸಿಕೋದ ಚಿವಾವಾ ಪ್ರಾಂತದ ಮೇಲೆ ಕಣ್ಣು ಕೋರೈಸುವ ಬೆಂಕಿಯುಂಡೆಯೊಂದು ಹಾಯ್ದು, ಗುಡುಗಿನಂತೆ ಸಿಡಿದು, ಅಯೆಂದೆ ಎಂಬ ಹಳ್ಳಿಯ ಸುತ್ತಮುತ್ತ ಕಲ್ಲಿನ ಮಳೆಗರೆಯಿತು. ಹೆಕ್ಕಿ ತಂದ ಚೂರುಗಳ ತೂಕ ಎರಡು ಟನ್ನಿಗೂ ಮಿಕ್ಕಿತು. ಚಂದ್ರಶಿಲೆಗಳ ಬರವಿಗಾಗಿ ಪ್ರಯೋಗಶಾಲೆಗಳು ಸಜ್ಜಾಗುತ್ತಿದ್ದ ವರ್ಷವದು. ಕರೆಯದೆ ಬಂದ ಈ ಅತಿಥಿಗೇ ಮೊದಲ ಮಣೆ ದೊರೆಯಿತು.

ಈ ಉಲ್ಕಾಶಿಲೆಯನ್ನು ಕೊಯ್ದು ನೋಡಿದರೆ ಕಪ್ಪು ಮೈಯೊಳಗೆ ಬಿಳಿಯ ಕಾಳುಗಳು. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಯಷ್ಟು. ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳು ಹೇರಳವಾಗಿರುವ ಈ ಕಾಳುಗಳಲ್ಲಿ ಹಿಬೊನೈಟ್, ಮೆಲಿಲೈಟ್, ಸ್ಪಿನೆಲ್ ಎಂಬ ಖನಿಜಗಳಿವೆ. ಸ್ಪಿನೆಲ್ ತೀರ ಅಪರಿಚಿತವೇನಲ್ಲ. ಬ್ರಿಟನ್ನಿನ ರಾಜಕಿರೀಟದಲ್ಲಿ ಮಾಣಿಕ್ಯವೆಂದು ಮೆರೆದ ದೊಡ್ಡ ಕೆಂಪು ಹರಳು ನಿಜಕ್ಕೂ ಸ್ಪಿನೆಲ್ಲೇ!

ಈ ಖನಿಜಗಳೇ ಏಕೆ? ಸೂರ್ಯನಲ್ಲಿರುವ ಧಾತುಗಳನ್ನೇ ಒಳಗೊಂಡ ಕಾದ ಅನಿಲವು ತಣಿಯುತ್ತ ಬಂದರೆ ಯಾವುದು ಮೊದಲು ಘನವಾದೀತೆಂದು ೧೯೭೨ರಲ್ಲಿ ಲಾರೆನ್ಸ್ ಗ್ರಾಸ್‌ಮನ್ ಲೆಕ್ಕ ಹಾಕಿದರು. ಕಬ್ಬಿಣವಿನ್ನೂ ಆವಿಯಾಗಿಯೇ ಇರುವ, ೧,೨೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖದಲ್ಲಿ ಮೊದಲು ಮೂಡುವ ಖನಿಜಗಳು ಹೆಚ್ಚುಕಡಮೆ ಇವೇ ಎಂದು ತಿಳಿದುಬಂದಿತು. ಚಳಿಯ ಬೆಳಗಿನಲ್ಲಿ ಗಾಳಿಯ ತೇವ ಹುಲ್ಲಿನ ಮೇಲೆ ಹಿಮವಾಗಿ ಕೂಡುವಂತೆ, ಬೆಂಕಿಯಂಥ ಆವಿಯಿಂದ ಕಲ್ಲು ಕೂಡಿತ್ತು.

ಆದರೆ ಎಲ್ಲ ಕಾಳುಗಳ ಜಾತಕವೂ ಒಂದೇ ಅಲ್ಲ. ದುಂಡಾದ ಕೆಲವುಗಳಲ್ಲಿ ಅಂಚಿನ ಮೆಲಿಲೈಟಿನಲ್ಲಿ ಅಲ್ಯೂಮಿನಿಯಂ ಹೆಚ್ಚು. ಒಳಸರಿದಂತೆ ಮೆಗ್ನೀಸಿಯಂ ಏರುತ್ತದೆ. ತಟ್ಟೆಗೆ ಸುರಿದ ಬೆಲ್ಲದ ಪಾಕ ಅಂಚಿನಿಂದ ಗಟ್ಟಿಯಾಗುತ್ತ ಬರುವುದಿಲ್ಲವೆ? ಇವೂ ಹಾಗೆಯೇ ಕರಗಿದ ಹನಿಗಳಾಗಿದ್ದು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟಿದವು. ಎಂದರೆ, ಹುಟ್ಟಿದ ಬಳಿಕ ಮತ್ತೊಮ್ಮೆ ಬೆಂಕಿ ಕಂಡವು. ಅಂಕುಡೊಂಕಾದ ಬೇರೆ ಕೆಲವಕ್ಕೆ ಆ ಗತಿ ಬರಲಿಲ್ಲ.

ಇವುಗಳ ವಯಸ್ಸು ಸುಮಾರು ೪೫೬.೭ ಕೋಟಿ ವರ್ಷ. ಸೌರಮಂಡಲದಲ್ಲಿ ರೂಪುಗೊಂಡ ಘನವಸ್ತುಗಳಲ್ಲಿ ಕಾಲನಿರ್ಣಯವಾದವುಗಳ ಪೈಕಿ ಇವೇ ಹಿರಿಯವು. ಭೂಮಿಯೂ ಇವಕ್ಕಿಂತ ಕಿರಿಯಳು.

ಅಂಥ ಶಾಖ ಎಲ್ಲಿಯದು? ಎಳೆಯ ಸೂರ್ಯನ ಬಳಿಯದೆಂಬುದೇ ಬಹುಮಂದಿಯ ಅಭಿಪ್ರಾಯ. ಹಾಗಿರುವಾಗ, ಸ್ಟಾರ್‌ಡಸ್ಟ್ ನೌಕೆ ವೈಲ್ಡ್-೨ ಎಂಬ ಧೂಮಕೇತುವಿನಿಂದ ೨೦೦೬ರಲ್ಲಿ ಭೂಮಿಗೆ ತಂದ ಧೂಳಿನಲ್ಲೂ ಇಂಥದೇ ಕಣ ಸಿಕ್ಕಿದ್ದು ಸೋಜಿಗ. ಕುಲುಮೆಯಲ್ಲಿ ಹುಟ್ಟಿದ್ದು ಹಿಮದ ನಾಡನ್ನು ಸೇರಿತ್ತು. ಒಯ್ದದ್ದು ಸೂರ್ಯನ ಸುತ್ತಣ ಗಾಳಿಯೋ, ಅನಿಲಚಕ್ರದ ಸುಳಿಯೋ? ಪಂಡಿತರ ವಾದ ಮುಗಿದಿಲ್ಲ.