ಹೊಳೆ ಯಾರ ಆಸ್ತಿ?

ಧರ್ಮಪೀಠಗಳ ಉಪದೇಶವನ್ನು ಅಗ್ರಲೇಖನದ ವಸ್ತು ಮಾಡುವ ರೂಢಿ ನಮ್ಮದಲ್ಲ. ಬಡವನಿಗೆ ಪರಲೋಕ, ಸಾಹುಕಾರನಿಗೆ ಇಹಲೋಕ ಎಂದು ಪಾಲು ಮಾಡಿಕೊಟ್ಟ ಉಪದೇಶಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಆದರೂ ಪೋಪ್ ಫ್ರಾನ್ಸಿಸ್ ಅವರು 2015ರ ಮೇ 24ರಂದು ಸಹಿ ಮಾಡಿದ ‘ಲೌದಾತೊ ಸಿ’ ಎಂಬ ಪತ್ರವನ್ನು ಘಟಪ್ರಭೆಯ ದಂಡೆಯ ಜನ ಅವಶ್ಯವಾಗಿ ತಿಳಿದುಕೊಳ್ಳಬೇಕು. ಬರೆದವರು 2025ರಲ್ಲಿ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ಇನ್ನೂ ತೀರಿಲ್ಲ.

ಪತ್ರದ ಹೆಸರು ಅಸ್ಸಿಸಿಯ ಸಂತ ಫ್ರಾನ್ಸಿಸನ ಹಾಡಿನಿಂದ ಬಂದದ್ದು. ಎಂಟುನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಬಾಳಿದ ಈತ ಅರಿವೆ ವ್ಯಾಪಾರಿಯ ಮಗ. ಬಿಷಪ್ಪರ ಎದುರಿಗೇ ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ ಬಡತನವನ್ನು ಅಪ್ಪಿಕೊಂಡ. ಸೂರ್ಯನನ್ನು ಅಣ್ಣನೆಂದ, ನೀರನ್ನು ತಂಗಿಯೆಂದ. ಒಡಹುಟ್ಟಿದವಳನ್ನು ಯಾರೂ ಲಿಲಾವಿಗೆ ಇಡುವುದಿಲ್ಲವಷ್ಟೆ.

ಪೋಪರ ಪತ್ರದಲ್ಲಿ ಮೂರು ಮಾತುಗಳು ಮುಖ್ಯ. ಭೂಮಿಯ ಗೋಳೂ ಬಡವರ ಗೋಳೂ ಬೇರೆ ಬೇರೆ ಅಲ್ಲ. ಕುಡಿಯುವ ಶುದ್ಧ ನೀರು ಮನುಷ್ಯಮಾತ್ರರ ಹಕ್ಕು, ಪೇಟೆಯ ಸರಕಲ್ಲ. ಖಾಸಗಿ ಆಸ್ತಿ ಪರಮ ಹಕ್ಕಲ್ಲ, ಅದರ ಮೇಲೆ ಸಮಾಜದ ಋಣವಿದೆ.

ಈ ಮಾತುಗಳನ್ನು ನಮ್ಮ ತಾಲೂಕುಗಳಿಗೆ ಹಚ್ಚಿ ನೋಡೋಣ. ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಗಿರಣಿ ಹುಟ್ಟಿತು. 1887ರಲ್ಲಿ ಧುಮುಕುವ ನೀರಿನಿಂದ ವಿದ್ಯುತ್ತು ಬಂತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಆಣೆಕಟ್ಟು ಎದ್ದಿತು. ಹುನ್ನೂರಿನ ವಿಠ್ಠಲನ ಗುಡಿ ಮುಳುಗಿತು. ನೀರು ಇಳಿದಾಗ ಗುಡಿ ಮತ್ತೆ ಕಾಣುತ್ತದೆ. ನೆಲ ಬಿಟ್ಟೆದ್ದವರ ಬದುಕು ಮತ್ತೆ ಕಾಣುವುದಿಲ್ಲ. ಕಾಲುವೆ ಬಂತು, ಕಬ್ಬು ಬಂತು, ಸಕ್ಕರೆ ಕಾರಖಾನೆಗಳು ಬಂದವು. ಇವು ಬೇಡವೆನ್ನುವವರು ನಾವಲ್ಲ. ಆದರೆ 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೂ ಮೂಡಲಗಿ ತಾಲೂಕಿನ ಹೊಳೆದಂಡೆಯ ಊರುಗಳಿಗೂ ನೀರು ನುಗ್ಗಿದಾಗ ಮೊದಲು ಕುಸಿದದ್ದು ಯಾರ ಗೋಡೆ? ಮಣ್ಣಿನ ಗೋಡೆ, ಬಡವನ ಗೋಡೆ. ಲಾಭ ಹಂಚುವಾಗ ಹೊಳೆ ಕೆಲವರದು, ಹಾನಿ ಹೊರುವಾಗ ದಂಡೆಯವರದು. ಇದು ಯಾವ ಧರ್ಮ?

ಒಂದು ಮಾತನ್ನು ಮುಚ್ಚಿಡಲಾರೆವು. ಇದೇ ಪೀಠದಿಂದ ಹದಿಮೂರನೆಯ ಲಿಯೊ 1891ರಲ್ಲಿ ಬರೆದ ಪತ್ರ ಕೂಲಿಕಾರರಿಗೆ ನ್ಯಾಯವಾದ ಕೂಲಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಒಪ್ಪಿತು. ಸಮಾಜವಾದವನ್ನು ಮಾತ್ರ ತಳ್ಳಿಹಾಕಿತು. ಆ ಭಿನ್ನಾಭಿಪ್ರಾಯ ಇರಲಿ. ತಪ್ಪು ನಮ್ಮಲ್ಲಿಯೂ ಇದೆ. ಉತ್ಪಾದನೆ ಹೆಚ್ಚಿದರೆ ಬಡತನ ತಾನಾಗಿ ಹೋದೀತೆಂದು ನಾವೂ ಬಹುಕಾಲ ನಂಬಿದೆವು. ಹೊಳೆಯ ಲೆಕ್ಕವನ್ನು ನಮ್ಮ ಖಾತೆಯಲ್ಲಿಯೂ ಬರೆಯಲಿಲ್ಲ.

ಈಗ ಬರೆಯಬೇಕು. ಮೊದಲ ನೀರು ಕುಡಿಯುವ ಕೊಡಕ್ಕೆ. ಆಮೇಲೆ ಕಾಲುವೆಯ ಕಟ್ಟಕಡೆಯ ಹೊಲಕ್ಕೂ ಅದರ ಪಾಲು. ಕಾರಖಾನೆಗಳ ಹೊಲಸು ನೀರಿನ ತಪಾಸಣೆಯ ವರದಿ ಗ್ರಾಮಸಭೆಯಲ್ಲಿ ಓದಬೇಕು. ಮಹಾಪೂರದಲ್ಲಿ ಮನೆ ಕಳೆದುಕೊಂಡವರಿಗೆ ಎತ್ತರದ ಜಾಗದಲ್ಲಿ ಹಕ್ಕುಪತ್ರದೊಡನೆ ಮನೆ ಸಿಗಬೇಕು.

1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರದ ಪಾದ್ರಿಗಳನ್ನೂ, ದಾಸೋಹದ ಹೆಸರು ಹೇಳುವ ನಮ್ಮ ಮಠಾಧೀಶರನ್ನೂ ನಾವು ಕೇಳಿಕೊಳ್ಳುವುದಿಷ್ಟೆ: ಈ ಬೇಡಿಕೆಗಳಿಗೆ ವೇದಿಕೆಯ ಮೇಲಿಂದ ಆಶೀರ್ವಾದ ಸಾಲದು, ಗ್ರಾಮಸಭೆಗೆ ಬಂದು ಜನರ ಸಂಗಡ ಕೂಡಿರಿ. ದೇವರನ್ನು ನಂಬುವವರೂ ನಂಬದವರೂ ಕುಡಿಯುವುದು ಒಂದೇ ಘಟಪ್ರಭೆಯ ನೀರು.