ಶಾಸನಸಭೆಗೆ ಬಂದ ವೈದ್ಯೆ

"ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ" ಎಂಬುದು ನಮ್ಮ ಹಿರಿಯರ ಮಾತು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ವೇದಿಕೆ ಹತ್ತುವ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಈ ಮಾತಿನಿಂದಲೇ ಆರಂಭಿಸುತ್ತಾರೆ. ನಾವೂ ಸಂತೋಷದಿಂದ ಚಪ್ಪಾಳೆ ತಟ್ಟುತ್ತೇವೆ. ಆದರೆ ಕಲಿತ ಹೆಣ್ಣು ಶಾಲೆಯನ್ನಷ್ಟೇ ಅಲ್ಲ, ನಾಡಿಗೆ ಒಂದು ಕಾನೂನನ್ನೂ ಕೊಡಬಲ್ಲಳು ಎಂಬ ವಿಷಯ ನಮಗೆ ಅಷ್ಟಾಗಿ ನೆನಪಾಗುವುದಿಲ್ಲ.

ಎಂಟನೆಯ ತರಗತಿಯ ಕನ್ನಡ ಪಾಠದಲ್ಲಿ "ನನ್ನ ಜೀವನದ ಗುರಿ" ಎಂಬ ಪ್ರಬಂಧ ಬರೆಸಿದಾಗ ಆದದ್ದು ಇದೇ. ಡಾಕ್ಟರ್, ಇಂಜಿನಿಯರ್, ಪೈಲಟ್, ಸಾಫ್ಟ್‌ವೇರ್, ಮತ್ತೆ ಡಾಕ್ಟರ್! ಪುಸ್ತಕಗಳನ್ನು ತಿದ್ದಿ ಹಿಂದಿರುಗಿಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಂ.ಎಲ್.ಎ. ಆಗೋದಕ್ಕೆ ಯಾವ ಎಂಟ್ರೆನ್ಸ್ ಬರೀಬೇಕು?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಹುಡುಗಿ ಕೆಂಪಾಗಿ ಕುಳಿತುಬಿಟ್ಟಳು. ಮುಂದಿನ ಪೋಷಕರ ಸಭೆಯಲ್ಲಿ ಈ ಮಾತು ಬಂದಾಗ ತಂದೆಯೊಬ್ಬರು, "ಅದೆಲ್ಲಾ ನಮ್ಮಂಥವರಿಗಲ್ಲ ಮೇಡಂ, ಅದು ಕೆಸರು" ಎಂದು ಕೈಯಾಡಿಸಿದರು. ಉಳಿದವರೂ ಹೌದೆಂದು ತಲೆದೂಗಿದರು. ಆ ಹುಡುಗಿಯ ಪ್ರಶ್ನೆಗೆ ಉತ್ತರವಾಗಿ ನಾವು ಇಲ್ಲಿ ಒಬ್ಬ ಡಾಕ್ಟರ್ ಕಥೆಯನ್ನೇ ಹೇಳಬಯಸುತ್ತೇವೆ. ಏಕೆಂದರೆ ಅವರು ಬ್ರಿಟಿಷ್ ಭಾರತದ ಮೊದಲ ಮಹಿಳಾ ಶಾಸಕಿಯೂ ಹೌದು. ಅವರೇ ಡಾ. ಮುತ್ತುಲಕ್ಷ್ಮಿ ರೆಡ್ಡಿ.

ಮುತ್ತುಲಕ್ಷ್ಮಿಯವರು ಹುಟ್ಟಿದ್ದು 1886ರ ಜುಲೈ 30ರಂದು, ತಮಿಳುನಾಡಿನ ಪುದುಕೋಟೆಯಲ್ಲಿ. ಆಗ ಅದೊಂದು ಸಂಸ್ಥಾನ. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದಲ್ಲಿ ಹುಟ್ಟಿದವರು. ಇಂಥ ಮದುವೆಯನ್ನು ಅಂದಿನ ಸಮಾಜ ಒಪ್ಪುತ್ತಿರಲಿಲ್ಲ. ಹೀಗಾಗಿ ಅವಮಾನವೆಂದರೇನು ಎಂಬುದು ಆ ಮಗುವಿಗೆ ಪುಸ್ತಕದಿಂದ ಕಲಿಯಬೇಕಾದ ಪಾಠವಾಗಿರಲಿಲ್ಲ. ಹುಡುಗಿ ದೊಡ್ಡವಳಾದ ಮೇಲೆ ಶಾಲೆ ಬಿಡಿಸುವುದು ವಾಡಿಕೆಯಾಗಿದ್ದುದರಿಂದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಅವರು ಮನೆಯಲ್ಲೇ ಓದಿದರು. ಮುಂದೆ ಗಂಡುಮಕ್ಕಳ ಕಾಲೇಜಿಗೆ ಸೇರಲು ಹೊರಟಾಗ ಊರಿನಲ್ಲಿ ವಿರೋಧವೆದ್ದಿತು. ಅನುಮತಿ ಕೊಟ್ಟವರು ಮಹಾರಾಜರೇ. 1907ರಲ್ಲಿ ಮದರಾಸು ವೈದ್ಯಕೀಯ ಕಾಲೇಜು ಸೇರಿದ ಅವರು 1912ರಲ್ಲಿ ಪದವಿ ಪಡೆದು ಹೊರಬಂದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾಗುವಾಗ ಅವರು ಇಟ್ಟ ಷರತ್ತನ್ನು ಇಂದಿನ ಹೆಣ್ಣುಮಕ್ಕಳು ಕೇಳಿಸಿಕೊಳ್ಳಬೇಕು. ತನ್ನನ್ನು ಸರಿಸಮಾನಳೆಂದು ಗೌರವಿಸಬೇಕು, ತನ್ನ ಕೆಲಸಕ್ಕೆ ಅಡ್ಡಿ ಬರಬಾರದು ಎಂಬುದೇ ಆ ಷರತ್ತು. ಪತಿ ಒಪ್ಪಿದರು.

ಇನ್ನು ಶಾಸನಸಭೆಯ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಕನ್ನಡ ನಾಡಿನ ನಂಟೂ ಇದೆ. ಅಂದು ಮಂಗಳೂರು, ಬಳ್ಳಾರಿ, ಕೊಳ್ಳೇಗಾಲಗಳೆಲ್ಲ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. 1921ರಲ್ಲಿ ಆ ಪ್ರಾಂತ್ಯ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು. ಆದರೆ ಆಸ್ತಿ ಇದ್ದವರಿಗೆ ಮಾತ್ರ. ಚುನಾವಣೆಗೆ ನಿಲ್ಲುವ ಅವಕಾಶ ಸಿಕ್ಕಿದ್ದು 1926ರಲ್ಲಿ. ಸಿಕ್ಕಿದ ಕೂಡಲೇ ಕಣಕ್ಕೆ ಇಳಿದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಬಹಳ ಕಡಿಮೆ ಅಂತರದಲ್ಲಿ ಅವರು ಸೋತರು. ಅದೇ ಸಮಯದಲ್ಲಿ ಮಹಿಳಾ ಸಂಘಟನೆಗಳ ಒತ್ತಾಯದ ಮೇರೆಗೆ ಸರ್ಕಾರ ಮುತ್ತುಲಕ್ಷ್ಮಿಯವರನ್ನು ಶಾಸನಸಭೆಗೆ ನಾಮಕರಣ ಮಾಡಿತು. ಅವರಿಗೆ ಇದು ಸುಲಭವಾಗಿ ಒಪ್ಪಿಗೆಯಾದ ಕೆಲಸವಲ್ಲ. ರೋಗಿಗಳನ್ನು ನೋಡುವ ಕೆಲಸ ಹಾಳಾದೀತೆಂಬ ಅಳುಕು ಇತ್ತು. ಆದರೂ ಹೋದರು. 1927ರಲ್ಲಿ ಸದಸ್ಯರೆಲ್ಲ ಒಮ್ಮತದಿಂದ ಅವರನ್ನೇ ಸಭೆಯ ಉಪಾಧ್ಯಕ್ಷೆಯಾಗಿ ಆರಿಸಿದರು.

ಮಕ್ಕಳೇ, ನಮ್ಮ ಶಾಲೆಗೆ ವರ್ಷಕ್ಕೊಮ್ಮೆ ಡಾಕ್ಟರು ಬಂದು ನಿಮ್ಮ ಕಣ್ಣು, ಹಲ್ಲು, ಎತ್ತರ, ತೂಕ ನೋಡುತ್ತಾರಲ್ಲವೇ? ಆ ದಿನ ಗಣಿತದ ಪಿರಿಯಡ್ ತಪ್ಪಿತೆಂದು ನೀವು ಖುಷಿಪಡುತ್ತೀರಿ. ಶಾಲಾ ಮಕ್ಕಳಿಗೆ ಕ್ರಮವಾಗಿ ವೈದ್ಯಕೀಯ ತಪಾಸಣೆ ನಡೆಯಬೇಕೆಂದು ಸುಮಾರು ನೂರು ವರ್ಷಗಳ ಹಿಂದೆ ಮದರಾಸಿನ ಶಾಸನಸಭೆಯಲ್ಲಿ ಎದ್ದು ನಿಂತು ಕೇಳಿದವರು ಇವರು. ಬಾಲ್ಯವಿವಾಹದ ವಿಷಯದಲ್ಲೂ ಅವರ ನಿಲುವು ಗಟ್ಟಿಯಾಗಿತ್ತು. ಮದುವೆಯ ವಯಸ್ಸು ಹುಡುಗಿಯರಿಗೆ 16, ಹುಡುಗರಿಗೆ 21 ಆಗಬೇಕೆಂದು ಅವರು ವಾದಿಸಿದರು. 1929ರಲ್ಲಿ ದೇಶಕ್ಕೆಲ್ಲ ಬಂದ ಶಾರದಾ ಕಾಯ್ದೆಯೂ ಹುಡುಗಿಯರಿಗೆ 14, ಹುಡುಗರಿಗೆ 18ರ ತನಕ ಮಾತ್ರ ಹೋಯಿತು. ಹೆರಿಗೆ ಕೋಣೆಯಲ್ಲಿ ಎಳೆಯ ತಾಯಂದಿರನ್ನು ಕಣ್ಣಾರೆ ಕಂಡ ವೈದ್ಯೆಗೆ ಈ ವಯಸ್ಸು ಕಾಗದದ ಮೇಲಿನ ಅಂಕಿಯಾಗಿ ಕಂಡಿರಲಾರದು.

ಆದರೆ ಅವರ ಹೆಸರು ಉಳಿದಿರುವುದು ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟಕ್ಕಾಗಿ. ಇನ್ನೂ ಅರಿವು ಮೂಡದ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು, ಮದುವೆ, ಮನೆ ಎಂಬ ಆಯ್ಕೆಯನ್ನೇ ಅವರಿಂದ ಕಸಿದುಕೊಂಡು ಶೋಷಣೆಗೆ ದೂಡುವುದು ನಿಲ್ಲಬೇಕೆಂದು ಅವರು 1927ರಲ್ಲಿ ನಿರ್ಣಯ ಮಂಡಿಸಿದರು. ಸಂಪ್ರದಾಯ, ಕಲೆ, ಧರ್ಮ ಎಲ್ಲವೂ ಅಡ್ಡ ಬಂದವು. 1929ರಲ್ಲಿ ಮೊದಲ ಹೆಜ್ಜೆಯಾಗಿ ಒಂದು ತಿದ್ದುಪಡಿ ಬಂದಿತು. ದೇವಾಲಯದ ಸೇವೆಗೆಂದು ಕೊಟ್ಟಿದ್ದ ಇನಾಂ ಭೂಮಿ ಆ ಹೆಣ್ಣುಮಕ್ಕಳಲ್ಲೇ ಉಳಿಯುವಂತೆ, ಆದರೆ ಸೇವೆಯ ಕಟ್ಟು ಬಿಡುವಂತೆ ಆದದ್ದು ಇದರಿಂದ. ಗಮನಿಸಿ, "ಬಿಟ್ಟುಬಿಡಿ" ಎಂದಷ್ಟೇ ಹೇಳಿದರೆ ಹೊಟ್ಟೆಪಾಡು ಹೇಗೆ ಎಂಬ ಪ್ರಶ್ನೆ ಅವರ ಮುಂದಿತ್ತು.

ಇಲ್ಲಿ ಇನ್ನೊಂದು ದನಿಯನ್ನು ಕೇಳಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ನಮ್ಮ ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಹೆಸರು ಮಾಡಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರೂ ದೇವದಾಸಿ ಸಮುದಾಯದವರೇ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಪುಣ್ಯವಂತೆ ಅವರು. ಈ ಮಸೂದೆಯನ್ನು ವಿರೋಧಿಸಿದವರ ಮುಂಚೂಣಿಯಲ್ಲಿ ಅವರಿದ್ದರು. ಓದು, ಸಂಗೀತ, ಆಸ್ತಿಯ ಹಕ್ಕು ಇದ್ದ ಹೆಣ್ಣುಮಕ್ಕಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ ಕೆಟ್ಟ ಹೆಸರು ಕೊಡುವುದು ಸರಿಯೇ ಎಂಬುದು ಅವರ ಕಡೆಯವರ ಪ್ರಶ್ನೆ. ಒಬ್ಬರು ಒಳ್ಳೆಯವರು, ಇನ್ನೊಬ್ಬರು ಕೆಟ್ಟವರು ಎಂದು ಮಕ್ಕಳಿಗೆ ಹೇಳಿಬಿಡುವುದು ಸುಲಭ. ನಮಗೆ ಹಾಗೆ ಅನ್ನಿಸುವುದಿಲ್ಲ. ನಾಗರತ್ನಮ್ಮನವರು ಕೇಳಿದ್ದು ಬೆಳೆದ ಕಲಾವಿದೆಯರ ಮಾನದ ಪ್ರಶ್ನೆ. ಮುತ್ತುಲಕ್ಷ್ಮಿಯವರು ಕೇಳಿದ್ದು ಬಾಯಿಲ್ಲದ ಮಗುವಿನ ಪ್ರಶ್ನೆ. ಎರಡೂ ನಿಜವೇ. ಆದರೆ ಎರಡರಲ್ಲಿ ಒಂದನ್ನು ಮೊದಲು ಉಳಿಸಬೇಕಾದರೆ ಮಗುವನ್ನೇ ಉಳಿಸಬೇಕು ಎಂಬುದು ನಮ್ಮ ಅಭಿಪ್ರಾಯ. ದೊಡ್ಡವರು ತಮ್ಮ ಪರವಾಗಿ ತಾವೇ ಮನವಿ ಬರೆದುಕೊಳ್ಳಬಲ್ಲರು, ಮಗು ಬರೆಯಲಾರದು.

1930ರ ಮೇ ತಿಂಗಳಲ್ಲಿ ಉಪ್ಪಿನ ಸತ್ಯಾಗ್ರಹದ ಗಾಂಧೀಜಿಯವರನ್ನು ಬಂಧಿಸಿದಾಗ ಮುತ್ತುಲಕ್ಷ್ಮಿಯವರು ಪ್ರತಿಭಟಿಸಿ ಶಾಸನಸಭೆಗೆ ರಾಜೀನಾಮೆ ಕೊಟ್ಟರು. ಅವರು ಅಲ್ಲಿದ್ದುದು ಮೂರು ವರ್ಷಗಳಿಗೆ ಸ್ವಲ್ಪ ಹೆಚ್ಚು ಕಾಲ ಮಾತ್ರ! ಮಕ್ಕಳನ್ನು ದೇವರಿಗೆ ಬಿಡುವುದನ್ನು ಪೂರ್ತಿಯಾಗಿ ನಿಷೇಧಿಸುವ ಕಾಯ್ದೆ ಮದರಾಸಿನಲ್ಲಿ ಅಂಗೀಕಾರವಾದದ್ದು 1947ರಲ್ಲಿ. ತಾವು ಬಿತ್ತಿದ ಬೀಜ ಫಲ ಕೊಡಲು ಹದಿನೇಳು ವರ್ಷ ಅವರು ಹೊರಗಿನಿಂದಲೇ ಕಾಯಬೇಕಾಯಿತು.

ಕಾಯುತ್ತಾ ಸುಮ್ಮನೆ ಕುಳಿತರೇ? ಇಲ್ಲ. ದೇವದಾಸಿ ಮನೆತನದ ಹುಡುಗಿಯರು ಆಶ್ರಯ ಕೇಳಿ ಬಂದಾಗ ಯಾವ ಹಾಸ್ಟೆಲೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ಮುತ್ತುಲಕ್ಷ್ಮಿಯವರು ತಮ್ಮ ಮನೆಯ ಬಾಗಿಲನ್ನೇ ತೆರೆದರು. ಹಾಗೆ 1930ರಲ್ಲಿ ಹುಟ್ಟಿದ್ದು "ಅವ್ವೈ ಇಲ್ಲಂ" ಎಂಬ ಹೆಣ್ಣುಮಕ್ಕಳ ಆಶ್ರಯಧಾಮ. ನಮಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಸಭೆಯಲ್ಲಿ ಭಾಷಣ ಮಾಡುವವರು ಬಹಳ. ಭಾಷಣದ ಮಾತಿಗೆ ತನ್ನ ಮನೆಯ ಅಡುಗೆಮನೆಯಿಂದಲೇ ಅನ್ನ ಹಾಕುವವರು ಎಷ್ಟು ಮಂದಿ?

ಇನ್ನೊಂದು ಸಂಗತಿ. 1923ರಲ್ಲಿ ಅವರ ತಂಗಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ನೋವು ಮೂವತ್ತು ವರ್ಷ ಅವರೊಳಗೆ ಇತ್ತು. ಹಣ ಕೂಡಿಸಿ, ಸರ್ಕಾರವನ್ನು ಕಾಡಿ, ಕೊನೆಗೆ 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕೇವಲ 12 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ತೆರೆದರು. ಮಗ ಡಾ. ಕೃಷ್ಣಮೂರ್ತಿ ಮತ್ತು ಡಾ. ವಿ. ಶಾಂತಾ ಅವರು ಅದನ್ನು ಬೆಳೆಸಿದರು. ಇಂದು ಅದು ದೇಶದ ಹೆಸರಾಂತ ಕ್ಯಾನ್ಸರ್ ಸಂಸ್ಥೆಗಳಲ್ಲಿ ಒಂದು. 1956ರಲ್ಲಿ ಪದ್ಮಭೂಷಣ ಪಡೆದ ಮುತ್ತುಲಕ್ಷ್ಮಿಯವರು 1968ರಲ್ಲಿ ನಿಧನರಾದರು.

ಪೋಷಕರೇ, ಈಗ ನಿಮ್ಮ "ಕೆಸರು" ಎಂಬ ಮಾತಿಗೆ ಬರುತ್ತೇವೆ. ಕೆಸರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಗದ್ದೆಯಲ್ಲಿ ಕೆಸರಿದೆಯೆಂದು ಯಾರೂ ಇಳಿಯದಿದ್ದರೆ ನಾಟಿ ಮಾಡುವವರು ಯಾರು? ಮುತ್ತುಲಕ್ಷ್ಮಿಯವರು ತಮ್ಮ ವೈದ್ಯವೃತ್ತಿಗೇ ಅಂಟಿಕೊಂಡಿದ್ದರೂ ಸಾವಿರಾರು ಜನರಿಗೆ ಒಳ್ಳೆಯದಾಗುತ್ತಿತ್ತು, ನಿಜ. ಆದರೆ ಔಷಧಿ ಚೀಟಿ ಒಬ್ಬ ರೋಗಿಯ ಕೈಗೆ ಹೋಗುತ್ತದೆ, ಕಾನೂನು ಇನ್ನೂ ಹುಟ್ಟದ ಮಗುವಿನ ತನಕ ಹೋಗುತ್ತದೆ.

ಕಾನೂನೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೂ ನಮ್ಮ ನಾಡೇ ಸಾಕ್ಷಿ. ಕರ್ನಾಟಕದಲ್ಲಿ 1982ರಲ್ಲಿ ಮತ್ತೆ ದೇವದಾಸಿ ನಿಷೇಧ ಕಾಯ್ದೆ ತರಬೇಕಾಯಿತು. ಅಂದರೆ ಉತ್ತರ ಕರ್ನಾಟಕದ ಬಡ ಮನೆಗಳಲ್ಲಿ ಆ ಅನಿಷ್ಟ ಅಲ್ಲಿಯವರೆಗೂ ಉಳಿದಿತ್ತು ಎಂದೇ ಅರ್ಥ. ಕಾನೂನಿನ ಜೊತೆಗೆ ಅವ್ವೈ ಇಲ್ಲಂನಂತಹ ಮನೆಗಳೂ ಬೇಕು, ಶಾಲೆಗಳೂ ಬೇಕು. ಇವೆಲ್ಲ ಆಗಬೇಕಾದರೆ ನೋವು ಕಂಡವರು ಸಭೆಯಲ್ಲಿ ಕೂರಬೇಕು.

ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1972ರಲ್ಲೇ ನಮ್ಮ ವಿಧಾನಸಭೆಯ ಸ್ಪೀಕರ್ ಪೀಠದಲ್ಲಿ ಕುಳಿತಿದ್ದರು. ಅದಾಗಿ ಅರ್ಧ ಶತಮಾನ ಕಳೆದ ಮೇಲೂ, 2023ರ ಚುನಾವಣೆಯಲ್ಲಿ ಕರ್ನಾಟಕದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ ಮಾತ್ರ. ಅದೇ ವರ್ಷ ಸಂಸತ್ತು ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ಕಾಯ್ದೆಯನ್ನು ಅಂಗೀಕರಿಸಿತು. ಕುರ್ಚಿ ಮೀಸಲಿಟ್ಟರೆ ಸಾಕೇ? ಕೂರಬೇಕಾದ ಹುಡುಗಿಯನ್ನು ನಾವೇ ತರಗತಿಯಲ್ಲಿ ನಕ್ಕು ಕೂರಿಸಿಬಿಟ್ಟರೆ ಆ ಕುರ್ಚಿ ತುಂಬುವುದು ಹೇಗೆ?

ನಾವು ಪರದೇಶದಲ್ಲಿದ್ದೇವೆ, ನಮಗೇಕೆ ಇದೆಲ್ಲ ಎನ್ನುವವರಿಗೂ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸಲು 2011ರಿಂದ ಅವಕಾಶವಿದೆ. ಊಟದ ಹೊತ್ತಿನಲ್ಲಿ ಊರಿನ ಶಾಸಕರ ಹೆಸರೇನು, ಅವರು ಏನು ಮಾಡಿದರು ಎಂದು ಮಕ್ಕಳೊಡನೆ ಮಾತಾಡಿದರೆ ಅದೂ ಒಂದು ಪಾಠವೇ.

ಕೊನೆಗೆ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ. ಮಗಳೇ, ಎಂ.ಎಲ್.ಎ. ಆಗಲು ಎಂಟ್ರೆನ್ಸ್ ಪರೀಕ್ಷೆ ಇಲ್ಲ. ಭಾರತದ ಪ್ರಜೆಯಾಗಿರಬೇಕು, ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 25 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ನಿನಗೆ ಬೇಕಾದ್ದನ್ನು ಓದು. ಡಾಕ್ಟರೇ ಆಗು, ಬೇಡವೆನ್ನುವುದಿಲ್ಲ. ಆದರೆ ಓದುತ್ತಾ ಓದುತ್ತಾ, ಸುತ್ತಮುತ್ತ ಯಾರ ಪರವಾಗಿ ಯಾರೂ ಮಾತಾಡುತ್ತಿಲ್ಲ ಎಂದು ನೋಡಿಡು. ಆ ದಿನ ನೀನು ಕೇಳಿದ್ದು ನಗುವಂಥ ಪ್ರಶ್ನೆಯಾಗಿರಲಿಲ್ಲ. ಇನ್ನೊಮ್ಮೆ ಕೇಳು, ಈ ಸಲ ತರಗತಿ ನಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.